ದಂತಚಕ್ರ ಮೀಮಾಂಸೆ, ಅಥವಾ ಆಟಿಕೆ ಕಾರಿನ ವೇಗಮೋಕ್ಷ ವಿಚಾರ

ಎರಡು ಪೆನ್ಸಿಲ್ ಸೆಲ್ಲಿನ ಕಾರನ್ನು ಇನ್ನಷ್ಟು ಜೋರಾಗಿ ಓಡಿಸುವುದು ಹೇಗೆಂಬ ಪ್ರಶ್ನೆಯನ್ನು ನಮ್ಮ ಪ್ರಾಚೀನ ಶಾಸ್ತ್ರಕಾರರು ಎತ್ತಲೇ ಇಲ್ಲ. ಆಗ ಸೆಲ್ ಇರಲಿಲ್ಲವೆಂಬ ಸಮಜಾಯಿಷಿಯನ್ನು ವಿದ್ವತ್ ಲೋಕ ಒಪ್ಪದು. ಈ ಲೋಪವನ್ನು 1982ರಲ್ಲಿ ಸರಿಪಡಿಸಿದ್ದು ಜಪಾನಿನ ಶಿಜುವೊಕಾದ ತಮಿಯಾ ಕಂಪನಿ. ಅದರ ‘ಮಿನಿ ಫೋರ್ ಡಬ್ಲ್ಯೂಡಿ’ ಕಾರು ನಿಜದ ಗಾಡಿಯ 32ನೇ ಒಂದು ಪಾಲು. ನಾಲ್ಕೂ ಚಕ್ರ ಮೋಟರಿನಿಂದಲೇ ತಿರುಗುತ್ತವೆ, ಸ್ಟಿಯರಿಂಗ್ ಮಾತ್ರ ಇಲ್ಲ. ಪಕ್ಕದ ರೋಲರುಗಳನ್ನು ಟ್ರ್ಯಾಕಿನ ಗೋಡೆಗೆ ಒರಗಿಸಿಕೊಂಡು ಅದು ತಿರುವು ದಾಟುತ್ತದೆ. (ಇದೇ ಕ್ರಮದಲ್ಲಿ ಮುಗಿದ ಪಿಎಚ್.ಡಿ.ಗಳ ಬಗ್ಗೆ ಬೇರೆಯೇ ಸಂಶೋಧನೆ ಆಗಬೇಕಿದೆ.)

ಈಗ ಲಕ್ಷಣ ನಿರೂಪಣೆ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಮೋಟರು ಎಷ್ಟು ಸುತ್ತು ಸುತ್ತುತ್ತದೋ ಅದೇ ಗೇರ್ ಅನುಪಾತ. 5:1 ಹಾಕುವವರು ಸಾತ್ವಿಕರು, 4.2:1ರವರು ಗೃಹಸ್ಥರು, 3.5:1ರವರು ಉಗ್ರರು. ಮೂರೂ ಪಂಥದವರು ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಕುಡಿಯುತ್ತಾರೆ, ಸೆಲ್ ಮಾತ್ರ ಕೊಡುವುದಿಲ್ಲ.

ಉಗ್ರರ ಪೂರ್ವಪಕ್ಷ ಹೀಗಿದೆ. ಮೋಟರು ನಿಮಿಷಕ್ಕೆ 14,000 ಸುತ್ತು ಸುತ್ತುತ್ತದೆ ಎಂದುಕೊಳ್ಳೋಣ. ಅಂದುಕೊಳ್ಳುವುದಕ್ಕೆ ಕರೆಂಟು ಖರ್ಚಾಗುವುದಿಲ್ಲ. ಟೈರಿನ ವ್ಯಾಸ 26 ಮಿಲಿಮೀಟರ್. 5:1ರಲ್ಲಿ ಚಕ್ರ 2,800 ಸುತ್ತು ಸುತ್ತಿ ಕಾರು ಗಂಟೆಗೆ ಸುಮಾರು 13.7 ಕಿಲೋಮೀಟರ್ ಓಡುತ್ತದೆ. 3.5:1ರಲ್ಲಿ 4,000 ಸುತ್ತು, 19.6 ಕಿಲೋಮೀಟರ್. ಹಾಗಾದರೆ 1:1 ಹಾಕಿದರೆ 68 ದಾಟಬೇಕು. ಭಾಜಕ ಸೊನ್ನೆಯಾದರೆ ವೇಗ ಅನಂತ. ಇದೇ ವೇಗಮೋಕ್ಷ. ಲೆಕ್ಕದಲ್ಲಿ ತಪ್ಪಿಲ್ಲವಾದ್ದರಿಂದ, ಕಾರು ಓಡದಿದ್ದರೆ ದೋಷ ಕಾರಿನದ್ದೇ.

ಸಿದ್ಧಾಂತಿಗಳು ಇಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಾರೆ. ಆ 14,000 ಹೊರೆಯಿಲ್ಲದಾಗಿನ ಮಾತು. ಹೊರೆ ಏರಿದಂತೆ ಈ ಜಾತಿಯ ಮೋಟರು ಸುತ್ತು ಇಳಿಸಿ ಬಲ ಹೆಚ್ಚಿಸುತ್ತದೆ. ಹೊರೆಯಿಲ್ಲದ ವೇಗದ ಸುಮಾರು ಅರ್ಧಕ್ಕೆ ಬಂದಾಗ ಅದರ ಶಕ್ತಿ ಗರಿಷ್ಠ. ಅಲ್ಲಿಂದ ಕೆಳಗೆ ಜಗ್ಗಿದರೆ ವೇಗವೂ ಹೋಯಿತು, ಸೆಲ್ಲೂ ಹೋಯಿತು. ಗ್ಯಾರೇಜಿನ ಪಂಡಿತರು ಇಷ್ಟನ್ನೂ ‘ಗಾಡೀಲಿ ಪುಲ್ಲಿಂಗ್ ಇಲ್ಲ ಸಾರ್’ ಎಂಬ ಒಂದೇ ಸೂತ್ರದಲ್ಲಿ ಅಡಗಿಸಿದ್ದಾರೆ. ಅದಕ್ಕೆ ಈವರೆಗೆ ಯಾರೂ ಭಾಷ್ಯ ಬರೆಯದಿರುವುದು ನಾಚಿಕೆಗೇಡು. ಆದ್ದರಿಂದ ನೇರ ದಾರಿಯಲ್ಲಿ ಗೆಲ್ಲುವ 3.5:1, ಏರು ಕಂಡೊಡನೆ ಏದುಸಿರು ಬಿಡುತ್ತದೆ. 5:1 ಅದೇ ಏರನ್ನು ಪೆನ್ಶನ್‌ದಾರರ ಗಾಂಭೀರ್ಯದಿಂದ ಹತ್ತುತ್ತದೆ. 1:1ರ ಕಾರೋ, ಜಾಗ ಬಿಟ್ಟು ಕದಲದೆ ಒಳಗೊಳಗೇ ಬಿಸಿಯಾಗುತ್ತದೆ. ಇದನ್ನು ಸಮಾಧಿ ಸ್ಥಿತಿ ಎನ್ನಬೇಕೋ ಸುಟ್ಟ ಕಾಯಿಲ್ ಎನ್ನಬೇಕೋ ಎಂಬುದು ಮೂಗಿಗೆ ಬಿಟ್ಟ ವಿಷಯ.

ಅತಿವೇಗದಿಂದ ತಿರುವಿನಲ್ಲಿ ಗೋಡೆ ಹಾರಿ ಸೋಫಾದಡಿ ಸೇರುವ ಕಾರುಗಳನ್ನು ಪ್ರಸ್ತುತ ಪ್ರಬಂಧ ಪರಿಗಣಿಸಿಲ್ಲ. ಅವು ಅನ್ವಯಿಕ ವಿಜ್ಞಾನಕ್ಕೆ ಸೇರಿದವು.

ಕೊನೆಗೆ ಜಿಜ್ಞಾಸುಗಳಲ್ಲಿ ಒಂದು ವಿನಂತಿ. ಸ್ಕ್ರೂಡ್ರೈವರ್ ಹಿಡಿದು ಅನುಪಾತ ಬದಲಿಸುವ ಮೊದಲು ಕಾರನ್ನು ಮಗುಚಿ ನೋಡಿ. ಹಿಂದಿನ ಆಕ್ಸಲ್‌ಗೆ ಮನೆಮಂದಿಯ ತಲೆಗೂದಲು ಸುತ್ತಿಕೊಂಡಿರುತ್ತದೆ. ಅದನ್ನು ಬಿಡಿಸಿ, ಹೊಸ ಸೆಲ್ ಹಾಕಿ. ಬಿಸಿಲಿಗಿಟ್ಟು ತೆಗೆದ ಹಳೇ ಸೆಲ್ ನಡೆಯುವುದಿಲ್ಲ.