ಹಳೆಯ ಬ್ರಿಟಿಷ್ ಚಿತ್ರಗಳಲ್ಲಿ ಚಹಾದ ನಾಯಕತ್ವ: ಒಂದು ಶಾಸ್ತ್ರೀಯ ವಿವೇಚನೆ

ಹಳೆಯ ಬ್ರಿಟಿಷ್ ಚಿತ್ರಗಳ ನಾಯಕ ಯಾರು? ಟ್ರೆವರ್ ಹೋವರ್ಡ್ ಎನ್ನುವುದು ಒಂದು ಪಂಥ, ಅಲೆಕ್ ಗಿನ್ನೆಸ್ ಎನ್ನುವುದು ಇನ್ನೊಂದು. ರೈಲುಗಾಡಿಯೇ ನಾಯಕ ಎನ್ನುವವರೂ ಉಂಟು. ಅವರನ್ನು ಪೂರ್ವಪಕ್ಷದಲ್ಲಿ ಗೌರವದಿಂದ ಕೂರಿಸಿ ಮುಂದೆ ಸಾಗೋಣ. ರಾತ್ರಿ ಊಟವಾದ ಮೇಲೆ ಸೋಫಾಕ್ಕೆ ಒರಗಿ, ಅರೆನಿದ್ದೆಯಲ್ಲಿ ನಡೆಸಿದ ಗಹನ ಅಧ್ಯಯನದಿಂದ ನಮಗೆ ಸಿದ್ಧಿಸಿದ್ದು ಬೇರೆ: ನಾಯಕ ಚಹಾ. ಮನುಷ್ಯರು ಕಪ್ಪನ್ನು ಎತ್ತಿ ಇಳಿಸಲು ಬೇಕಾದ ಪರಿಕರಗಳು.

ಪ್ರತ್ಯಕ್ಷ ಪ್ರಮಾಣಕ್ಕೆ ಹಿಚ್‌ಕಾಕ್‌ರ ‘ದಿ ಲೇಡಿ ವ್ಯಾನಿಶಸ್’ (1938). ಓಡುವ ರೈಲಿನಲ್ಲಿ ಮಿಸ್ ಫ್ರಾಯ್ ಎಂಬ ಮುದುಕಿ ಮಾಯ. ಅಂಥವಳನ್ನು ಕಂಡೇ ಇಲ್ಲವೆಂದು ಸಹಪ್ರಯಾಣಿಕರು ಸಾಧಿಸುತ್ತಾರೆ. ಇಬ್ಬರು ಇಂಗ್ಲಿಷ್ ಸಜ್ಜನರಂತೂ ಟೆಸ್ಟ್ ಪಂದ್ಯ ತಪ್ಪೀತೆಂಬ ಭಯಕ್ಕೆ. ಕೊನೆಗೆ ಸಾಕ್ಷಿ ನುಡಿಯುವುದು ಹಾರಿಬಂದು ಕಿಟಕಿಗೆ ಅಂಟುವ ಅವಳ ಚಹಾ ಪೊಟ್ಟಣದ ಚೀಟಿ. ಮನುಷ್ಯರು ಸುಳ್ಳಾಡಿದರು, ಚಹಾ ಆಡಲಿಲ್ಲ.

ಅನುಮಾನ ಪ್ರಮಾಣಕ್ಕೆ ಡೇವಿಡ್ ಲೀನ್‌ರ ‘ಬ್ರೀಫ್ ಎನ್‌ಕೌಂಟರ್’ (1945). ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ಪ್ರೇಮಿಗಳಾದ ಲಾರಾ ಮತ್ತು ಅಲೆಕ್ ಕೊನೆಯ ಬಾರಿ ಕೂತಿರುವಾಗ ಪರಿಚಿತಳೊಬ್ಬಳು ವಟಗುಟ್ಟುತ್ತ ವಕ್ಕರಿಸುತ್ತಾಳೆ. ಅಲೆಕ್ ಎದ್ದು ಅವಳಿಗೆ ಚಹಾ ತರಬೇಕಾಗುತ್ತದೆ. ಪ್ರೇಮ ಮುರಿಯಿತೆಂದು ರಸಿಕರು ಇಲ್ಲಿ ಅಳುತ್ತಾರೆ. ಸ್ಥೂಲದೃಷ್ಟಿ! ಬ್ರಿಟನ್ನಿನಲ್ಲಿ 1940ರಿಂದ ಚಹಾಕ್ಕೆ ಪಡಿತರ. ಮೊದಲಿಗೆ ತಲೆಗೆ ವಾರಕ್ಕೆ 2 ಔನ್ಸು, ಅಂದರೆ ಸುಮಾರು 57 ಗ್ರಾಂ. ಅದು ಮುಗಿದದ್ದು 1952ರಲ್ಲಿ. ಅಂಥ ಕಾಲದ ಪ್ರೇಕ್ಷಕ, ಕರೆಯದೆ ಬಂದವಳಿಗೆ ಇಡೀ ಕಪ್ಪು ಸಲ್ಲುವುದನ್ನು ಕಂಡು ಹೇಗೆ ತಾಳಿಯಾನು? ಕಣ್ಣೀರಿನ ಮೂಲ ಅಲ್ಲಿದೆ. ಹಿನ್ನೆಲೆಯಲ್ಲಿ ನುಡಿಯುವ ರಾಕ್ಮನಿನೋವ್‌ರ ಪಿಯಾನೊ ಸುಮ್ಮನೆ ದಾರಿ ತಪ್ಪಿಸುತ್ತದೆ.

ಇನ್ನು ಪರಮ ಪ್ರಮಾಣ, ‘ದಿ ಲೇಡಿಕಿಲ್ಲರ್ಸ್’ (1955). ಐವರು ದರೋಡೆಕೋರರು ವಾದ್ಯಗಾರರ ವೇಷದಲ್ಲಿ ಮುದುಕಿ ಮಿಸೆಸ್ ವಿಲ್ಬರ್‌ಫೋರ್ಸ್‌ಳ ಮನೆ ಸೇರುತ್ತಾರೆ. ಸಂಚು ಹದಕ್ಕೆ ಬಂತೆನ್ನುವಾಗ ಬಾಗಿಲು ತಟ್ಟುತ್ತದೆ: ಚಹಾ ಬೇಕೆ? ಗುಟ್ಟು ಬಯಲಾದ ಗಳಿಗೆಗೇ ಅವಳ ಗೆಳತಿಯರ ದಂಡು ಚಹಾಕೂಟಕ್ಕೆ ಬರುತ್ತದೆ. ಕೊಲೆಗೂ ಹೇಸದ ಕೈಗಳು ವಿನಯದಿಂದ ಕಪ್ಪು ಹಂಚುತ್ತವೆ. ಕೊನೆಗೆ ಐವರೂ ಸಾಯುತ್ತಾರೆ, ಹಣ ಮುದುಕಿಯ ಪಾಲಾಗುತ್ತದೆ. ಮುದುಕಿಯಾಗಿ ನಟಿಸಿದ ಕೇಟಿ ಜಾನ್ಸನ್‌ಗೆ ಬ್ರಿಟಿಷ್ ಫಿಲ್ಮ್ ಅಕಾಡೆಮಿಯ ಪ್ರಶಸ್ತಿ ಬಂತು. ಆಕೆಯ ನಟನೆ ಅಪ್ಪಟ, ಒಪ್ಪೋಣ. ಆದರೆ ಕೆಟಲಿನ ಹೆಸರನ್ನು ಯಾರೂ ಎತ್ತಲಿಲ್ಲ.

ಇದೇ ಚಿತ್ರದ ನಿರ್ದೇಶಕ ಮೆಕೆಂಡ್ರಿಕ್ 1949ರಲ್ಲಿ ‘ವಿಸ್ಕಿ ಗಲೋರ್!’ ತೆಗೆದಿದ್ದರಲ್ಲ ಎಂದು ಆಕ್ಷೇಪಿಸಬಹುದು. ಅದು ಸ್ಕಾಟ್ಲೆಂಡಿನ ದ್ವೀಪದ ಕಥೆ, ನಿಯಮಕ್ಕೆ ಬಾಧೆಯಿಲ್ಲ.

ಪರೀಕ್ಷಿಸಬಯಸುವವರು ‘ಲೇಡಿಕಿಲ್ಲರ್ಸ್’ನಿಂದ ಆರಂಭಿಸಲಿ. ಫಿಲ್ಟರ್ ಕಾಫಿ ಕುಡಿಯುತ್ತ ನೋಡಿದವರ ಭಿನ್ನಾಭಿಪ್ರಾಯಗಳನ್ನು ಪರಿಗಣಿಸಲಾಗುವುದಿಲ್ಲ.