ರಾಗಿ ಪೈರಿನಲ್ಲಿ ಮಲಿಕ್ ಕಾಫೂರ್

ಯುದ್ಧವನ್ನು ಗೇಣುದ್ದಕ್ಕೆ ಇಳಿಸಿ ತೋರಿಸುವ ವಿದ್ಯೆಯನ್ನು ಹಳೇಬೀಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಯ್ಸಳೇಶ್ವರನ ಗುಡಿಯ ಹೊರಗೋಡೆಗೆ ಒಂದು ಸುತ್ತು ಬಂದರೆ ಸಾಕು. ಕೆಳಗೆ ಆನೆ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ಅದಕ್ಕೂ ಮೇಲೆ ಇಡೀ ಕುರುಕ್ಷೇತ್ರವೇ ಪಟ್ಟಿಯೊಳಗೆ ಅಡಗಿ ಕೂತಿದೆ. ಚಕ್ರವ್ಯೂಹವನ್ನಂತೂ ಸುತ್ತಿನೊಳಗೆ ಸುತ್ತು ಕೊರೆದು, ಸೈನಿಕರನ್ನು ಒತ್ತೊತ್ತಾಗಿ ನಿಲ್ಲಿಸಿ, ಬಾಗಿಲು ಯಾವ ಕಡೆ ಎಂದು ಅಭಿಮನ್ಯುವಿನ ಜೊತೆಗೆ ನಾವೂ ಹುಡುಕುವಂತೆ ಮಾಡಿದ್ದಾರೆ. ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿ ತಾಗಿದಂತೆ ಗಟ್ಟಿಯಾಗುವ ಜಾತಿ.

ಆನೆಗಳ ಲೆಕ್ಕದಲ್ಲಿ ಮಾತ್ರ ಒಮ್ಮತವಿಲ್ಲ. ನೀಲಿ ವ್ಯಾಪಾರ ಬಿಟ್ಟು ವಾಸ್ತುಶಿಲ್ಪದ ಚರಿತ್ರೆ ಬರೆದ ಜೇಮ್ಸ್ ಫರ್ಗುಸನ್ ಸಾಹೇಬ ಎರಡು ಸಾವಿರಕ್ಕೆ ಕಡಿಮೆಯಿಲ್ಲ ಎಂದ. ನಮ್ಮೂರ ಗೈಡುಗಳು 1248 ಎನ್ನುತ್ತಾರೆ. ನಡುವಿನ ಏಳುನೂರು ಚಿಲ್ಲರೆ ಆನೆ ಎಲ್ಲಿ ಹೋದವು ಎಂದು ನನ್ನ ಭಾವಮೈದನನ್ನು ಕೇಳಿ ನೋಡಿ. "ಮಲಿಕ್ ಕಾಫೂರ್ ಹೊಡ್ಕೊಂಡು ಹೋದ ಭಾವ," ಎನ್ನುತ್ತಾನೆ.

ಈ ಮಹಾಶಯ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಬಿಡುವಿನಲ್ಲಿ ಒಂದು ಇಂಚಿನ ಪ್ಲಾಸ್ಟಿಕ್ ಸೈನಿಕರಿಗೆ ಭೂತಗನ್ನಡಿ ಹಿಡಿದು ಮೀಸೆ ಬರೆಯುತ್ತಾನೆ. ಎಪ್ಪತ್ತೆರಡರಲ್ಲಿ ಒಂದು ಪಾಲಿನ ಅಳತೆಯಂತೆ ಅದು. ಆ ಅಳತೆಗೆ ಕೂದಲೆಳೆಯಷ್ಟು ತಪ್ಪಿದರೂ ಅವನಿಗೆ ಊಟ ಸೇರುವುದಿಲ್ಲ. ದಸರೆಗೆ ಇನ್ನೂ ತಿಂಗಳಿರುವಾಗ ಫೋನ್ ಮಾಡಿದ: "ಭಾವ, ಈ ಸಲ ಗೊಂಬೆ ಜೊತೆ 1311 ಕೂರಿಸೋಣ."

ನಾನು ಸರ್ವೆ ನಂಬರು ಎಂದುಕೊಂಡೆ.

ಅದು ಇಸವಿ. ಆ ವರ್ಷದ ಫೆಬ್ರವರಿಯಲ್ಲಿ ಮಲಿಕ್ ಕಾಫೂರ್ ನಡೆಸಿಕೊಂಡು ಬಂದ ದೆಹಲಿಯ ಸೈನ್ಯ ದ್ವಾರಸಮುದ್ರದ, ಅಂದರೆ ನಮ್ಮ ಹಳೇಬೀಡಿನ, ಕೋಟೆಯೆದುರು ನಿಂತಿತು. ಹೊಯ್ಸಳ ದೊರೆ ಮೂರನೆಯ ವೀರಬಲ್ಲಾಳ ಆಗ ಊರಲ್ಲಿರಲಿಲ್ಲ. ಪಾಂಡ್ಯರ ಅಣ್ಣ ತಮ್ಮ ಸಿಂಹಾಸನಕ್ಕಾಗಿ ಕಿತ್ತಾಡುತ್ತಿದ್ದರು, ಇವನು ಅಲ್ಲಿ ಏನಾದರೂ ಗಿಟ್ಟೀತೇ ಎಂದು ತೆಂಕಣಕ್ಕೆ ಹೋಗಿದ್ದ. ಸುದ್ದಿ ಕೇಳಿ ಓಡಿಬಂದ. ಬಂದವನು ಕೋಟೆಯ ಹೊರಗೆ ಬೀಡುಬಿಟ್ಟವರನ್ನು ಕಂಡ, ಲೆಕ್ಕ ಹಾಕಿದ, ಸಂಧಿಗೆ ಹೇಳಿಕಳಿಸಿದ. ಆನೆ, ಕುದುರೆ, ಭಂಡಾರ ಹೊರಗೆ ಹೋದವು. ಲೆಕ್ಕ ಬಲ್ಲವನು ಎಂದು ನನಗೆ ಬಲ್ಲಾಳನ ಮೇಲೆ ಗೌರವ. ಆದರೆ ಪ್ರದರ್ಶನಕ್ಕೆ ಇದರಿಂದ ದೊಡ್ಡ ತೊಡಕು: ದೊಡ್ಡ ಕಾಳಗವೇ ಆಗದ ಯುದ್ಧವನ್ನು ಕೂರಿಸುವುದು ಹೇಗೆ? ಒಂದು ಕಡೆ ಸೈನ್ಯ ನಿಂತಿದೆ, ಇನ್ನೊಂದು ಕಡೆ ಗೋಡೆ. ನಡುವೆ ಆನೆಗಳು ಸಾಲಾಗಿ ಊರು ಬಿಡುತ್ತಿವೆ. ಅಕ್ಕಪಕ್ಕದವರು ಬಂದು ನೋಡಿ ಜಾತ್ರೆ ಎಂದುಕೊಳ್ಳುತ್ತಾರೆ.

ಹೊಯ್ಸಳರಿಗೂ ಇದು ಗೊತ್ತಿದ್ದಂತಿದೆ. ವಿಷ್ಣುವರ್ಧನ 1116ರಲ್ಲಿ ಚೋಳರಿಂದ ತಲಕಾಡು ಗೆದ್ದು ತಲಕಾಡುಗೊಂಡ ಎಂದು ಬಿರುದು ಹೊತ್ತವನು. ಐದಾರು ವರ್ಷದಲ್ಲೇ ಅವನ ಕಾಲದಲ್ಲಿ ಏಳತೊಡಗಿದ ಗುಡಿಯ ಗೋಡೆಯನ್ನು ತುಂಬಿಕೊಂಡದ್ದು ಪಾಂಡವರು ಕೌರವರು. ಸ್ವಂತ ಯುದ್ಧ ಕೆತ್ತಿಸಿದರೆ ದಂಡನಾಯಕರು ಒಬ್ಬೊಬ್ಬರಾಗಿ ಬಂದು ನನ್ನ ಕುದುರೆ ಎಲ್ಲಿ, ನನ್ನ ಮೂಗು ಹಾಗಿತ್ತೇ ಎಂದು ಜೀವ ತಿನ್ನುತ್ತಾರೆ. ಮಹಾಭಾರತದವರು ಯಾರೂ ಬಂದು ಕೇಳುವುದಿಲ್ಲ.

ಭಾವಮೈದನಿಗೆ ಈ ವಿವೇಕವಿಲ್ಲ. ಕೋಟೆ ಗೋಡೆಯನ್ನು ಅಳತೆಗೆ ಸರಿಯಾಗಿ ಕಟ್ಟುತ್ತೇನೆಂದು ಹೊರಟ. ಒಂದು ಕಿಲೋಮೀಟರಿಗೆ ಹದಿನಾಲ್ಕು ಮೀಟರು ಬೇಕಾಗುತ್ತದೆಂದು ತಿಳಿದಾಗ ನಮ್ಮ ನಡುಮನೆ ದಾಟಿ, ಹಿತ್ತಲು ದಾಟಿ, ಪಕ್ಕದವರ ಕೊಟ್ಟಿಗೆಯವರೆಗೂ ಕಣ್ಣು ಹಾಯಿಸಿದ. ಕೊನೆಗೆ ಥರ್ಮಾಕೋಲಿನ ಒಂದೇ ಬಾಗಿಲಿಗೆ ಒಪ್ಪಿಕೊಂಡ. ಹೊಯ್ಸಳ ಸೈನಿಕರು ಆ ಅಳತೆಯಲ್ಲಿ ಲೋಕದ ಯಾವ ಅಂಗಡಿಯಲ್ಲೂ ಅವನಿಗೆ ಸಿಕ್ಕಲಿಲ್ಲ. ಆದ್ದರಿಂದ ಡಬ್ಬಿಗಟ್ಟಲೆ ರೋಮನ್ನರನ್ನು ತರಿಸಿ, ಗಿಡ್ಡ ಲಂಗಕ್ಕೆ ಬಿಳಿ ಬಳಿದು ಕಚ್ಚೆ ಮಾಡಿದ. ಆನೆ ಸಾಲದೆ ಹೋದಾಗ ನನ್ನಾಕೆ ಚನ್ನಪಟ್ಟಣದ ಅರಗು ಬಣ್ಣದ ಆನೆಗಳನ್ನು ತಂದಿಟ್ಟಳು. ಅವು ಕೋಟೆ ಬಾಗಿಲಿಗಿಂತ ಎತ್ತರ.

"ಅಕ್ಕಾ, ಇವು ಒಳಗೆ ಹೋಗಿದ್ದಾದರೂ ಹೇಗೆ?"

"ಮರಿಯಿದ್ದಾಗ ಹೋಗಿದ್ವು ಕಣೋ."

ಇನ್ನು ರಾಗಿ. ನಮ್ಮ ಕಡೆ ಗೊಂಬೆ ಕೂರಿಸುವ ಮನೆಗಳಲ್ಲಿ ಪಾರ್ಕು ಮಾಡಲು ತಟ್ಟೆಗೆ ಮಣ್ಣು ತುಂಬಿ, ನೆನೆಹಾಕಿದ ರಾಗಿ ಚೆಲ್ಲಿ, ಮೇಲೆ ಒದ್ದೆ ಬಟ್ಟೆ ಮುಚ್ಚಿಡುತ್ತಾರೆ. ನಾಲ್ಕು ದಿನಕ್ಕೆ ಬಟ್ಟೆಯನ್ನೇ ಎತ್ತಿಕೊಂಡು ಬರುವ ಬಿಳಿ ಮೊಳಕೆ ಬೆಳಕು ಕಂಡೊಡನೆ ಹಸಿರಾಗುತ್ತದೆ. ಅಮ್ಮ ಇದರಲ್ಲಿ ನಿಷ್ಣಾತಳು. ದೊಡ್ಡ ದೊಡ್ಡ ತಟ್ಟೆಗಳಲ್ಲಿ ಬಿತ್ತಿ ದ್ವಾರಸಮುದ್ರದ ಬಯಲು ಸಿದ್ಧಮಾಡಿದಳು. ಹಳೆಯ ಕನ್ನಡಿಯನ್ನು ನಡುವೆ ಮಲಗಿಸಿ ಕೆರೆ ಮಾಡಿದಳು. ಪಾಡ್ಯದ ದಿನ ಮಲಿಕ್ ಕಾಫೂರನ ಸವಾರರು ಹಸಿರು ಹುಲ್ಲುಗಾವಲಲ್ಲಿ ಚೆಂದವಾಗಿ ನಿಂತಿದ್ದರು. ಪಂಚಮಿಯ ಹೊತ್ತಿಗೆ ಪೈರು ಮೂರು ಇಂಚು. ಒಂದು ಇಂಚಿನ ಸೈನ್ಯ ಪೂರ್ತಿ ಮುಳುಗಿ, ಅಲ್ಲೊಂದು ಇಲ್ಲೊಂದು ಭರ್ಜಿಯ ತುದಿ ಮಾತ್ರ ಕಾಣುತ್ತಿತ್ತು. ಭಾವಮೈದ ಉಗುರು ಕತ್ತರಿ ಹಿಡಿದು ಬೆಳಗಿನ ಜಾವ ಕೊಯ್ಲಿಗೆ ಕೂತ.

ಇಷ್ಟಾದರೂ ಅಮ್ಮನ ತಕರಾರು ಬೇರೆಯದೇ ಇತ್ತು. "ಪಟ್ಟದ ಗೊಂಬೆ ಮುಂದೆ ಸೋತ ಕತೆ ಯಾಕಪ್ಪ ಇಡ್ತೀಯ? ಆ ಕಡೆಯವ್ರನ್ನ ಒಂಚೂರು ಕಮ್ಮಿ ಮಾಡು, ನಮ್ಮೋರು ಗೆದ್ದಂಗೆ ಕಾಣ್ಲಿ."

"ಅತ್ತೆ, ಚರಿತ್ರೆ!"

"ಚರಿತ್ರೆ ಸ್ಕೂಲಲ್ಲಿ ಇರ್ಲಿ. ಇದು ನಡುಮನೆ."

ಇಂಥ ಮಾತು ಕೇಳಿದವರಲ್ಲಿ ಇವನೇ ಮೊದಲಿಗನಲ್ಲ. ಇಂಗ್ಲೆಂಡಿನ ವಿಲಿಯಂ ಸೈಬೋರ್ನ್ ಎಂಬ ಸೈನ್ಯಾಧಿಕಾರಿ 1830ರಲ್ಲಿ ವಾಟರ್ಲೂ ಕದನದ ಮಾದರಿ ಮಾಡಲು ಕೂತ. ರಣರಂಗದ ಹೊಲಮನೆಯಲ್ಲೇ ತಿಂಗಳುಗಟ್ಟಲೆ ಇದ್ದು ದಿಬ್ಬ, ಬೇಲಿ, ಬೆಳೆ ಅಳೆದ. ಬದುಕಿದ್ದ ಅಧಿಕಾರಿಗಳಿಗೆಲ್ಲ ಕಾಗದ ಬರೆದು, ಸಂಜೆ ಏಳರ ಹೊತ್ತಿಗೆ ನೀವು ಎಲ್ಲಿ ನಿಂತಿದ್ದಿರಿ ಎಂದು ವಿಚಾರಿಸಿದ. ಸರ್ಕಾರ ದುಡ್ಡು ನಿಲ್ಲಿಸಿದ ಮೇಲೆ ಸಾಲ ಮಾಡಿ ಮುಂದುವರಿಸಿದ. 1838ರಲ್ಲಿ ಲಂಡನ್ನಿನಲ್ಲಿ ಸುಮಾರು ಎಪ್ಪತ್ತೈದು ಸಾವಿರ ಪುಟ್ಟ ಲೋಹದ ಗೊಂಬೆಗಳ ಆ ಮಾದರಿಯನ್ನು ನೋಡಲು ಜನ ಮುಗಿಬಿದ್ದರು. ಗೆದ್ದ ಸೇನಾಪತಿ ವೆಲಿಂಗ್ಟನ್ನನಿಗೆ ಮಾತ್ರ ಹಿಡಿಸಲಿಲ್ಲ. ನೆರವಿಗೆ ಬಂದ ಪ್ರಷ್ಯದವರು ಇಷ್ಟೊಂದು ಜನ ಕಾಣಿಸಿದರೆ ತನ್ನ ಗೆಲುವಿಗೆ ಬೆಲೆಯೇನು? ಕಡೆಗೆ ನಲವತ್ತು ಸಾವಿರ ಪ್ರಷ್ಯದವರನ್ನು ಸೈಬೋರ್ನ್ ಕಿತ್ತು ತೆಗೆದ. ಬಂದೂಕಿನ ಸದ್ದೇ ಇಲ್ಲದೆ ಒಂದು ದೇಶದ ಸೈನ್ಯ ಡಬ್ಬಿ ಸೇರಿತು.

ಇದೇ ವೆಲಿಂಗ್ಟನ್, ಇನ್ನೂ ಬರಿಯ ಆರ್ಥರ್ ವೆಲ್ಲೆಸ್ಲಿಯಾಗಿದ್ದಾಗ, 1799ರ ನಂತರ ನಮ್ಮ ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ವಾಸಕ್ಕಿದ್ದ. ಅಲ್ಲಿನ ಗೋಡೆಯ ಮೇಲೆ ಹೈದರ್, ಟಿಪ್ಪು ಸೇರಿ 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರನ್ನು ಚಚ್ಚಿದ ಚಿತ್ರವಿದೆ. ಗಾಯಗೊಂಡ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚುತ್ತಾ ಕೂತಿದ್ದಾನೆ. ಹಾಳಾಗಿದ್ದ ಆ ಚಿತ್ರವನ್ನು ವೆಲ್ಲೆಸ್ಲಿ ತಾನೇ ಹೇಳಿ ಸರಿಮಾಡಿಸಿದ! ತನ್ನವರ ಸೋಲಿಗೆ ಬಣ್ಣ ಹಾಕಿಸುವಷ್ಟು ಉದಾರಿ, ತನ್ನ ಗೆಲುವಿನಲ್ಲಿ ಪಾಲುದಾರರನ್ನು ಸಹಿಸಲಿಲ್ಲ. ಸೋತವನು ಬೇಯ್ಲಿ, ಗೆದ್ದವನು ತಾನು. ವ್ಯತ್ಯಾಸ ಅಷ್ಟೇ ಇರಬೇಕು.

ನಮ್ಮ ಮನೆಯ ವ್ಯಾಜ್ಯ ಬಗೆಹರಿದದ್ದು ವೀರಗಲ್ಲಿನಿಂದ. ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನಿಗೂ ನಮ್ಮ ಹಳ್ಳಿಯವರು ಕಲ್ಲು ನಿಲ್ಲಿಸಿದರು, ಅವನ ಮನೆಯವರಿಗೆ ನೆತ್ತರುಗೊಡಗೆ ಎಂದು ಹೊಲ ಬಿಟ್ಟುಕೊಟ್ಟರು. ಯುದ್ಧದ ನೆನಪಿಗೆ ಇದಕ್ಕಿಂತ ಮರ್ಯಾದೆಯ ಏರ್ಪಾಡನ್ನು ನಾನು ಕಂಡಿಲ್ಲ. ಕಲ್ಲಿನ ಕೆಳಗಿನ ಅಂಕಣದಲ್ಲಿ ಕಾದಾಟ. ವೀರ ದೊಡ್ಡವನು, ಎದುರಾಳಿಗಳು ಚಿಕ್ಕವರು, ಅಳತೆಯ ರಗಳೆಯೇ ಇಲ್ಲ. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲೆ ಕೈಲಾಸ, ಸೂರ್ಯಚಂದ್ರ. "ಅಮ್ಮಾ, ನೆಲದ ಮೇಲೆ ಯುದ್ಧ, ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಇದು ವೀರಗಲ್ಲೇ ಅಲ್ವಾ?" ಎಂದೆ. ಅಮ್ಮ ಯೋಚಿಸಿ ಒಪ್ಪಿದಳು. ನಡುವಿನ ಮೆಟ್ಟಿಲಲ್ಲಿ ಅಪ್ಸರೆಯರ ಜಾಗದಲ್ಲಿ ದಿನಸಿ ಅಂಗಡಿ ಹರಡಿಕೊಂಡು ಶೆಟ್ಟಿ-ಶೆಟ್ಟಿತಿ ಕೂತಿದ್ದರು. ಸ್ವರ್ಗಕ್ಕೆ ಹೋಗುವ ವೀರ ದಾರಿಯಲ್ಲಿ ಬೇಳೆ ಕೊಳ್ಳಬಹುದು.

ಅರಿಶಿನ ಕುಂಕುಮಕ್ಕೆ ಬಂದವರಿಗೆ ಆರತಿ ಎತ್ತಲು ದೆಹಲಿ ಸೈನ್ಯವನ್ನು ದಾಟದೆ ದಾರಿಯಿರಲಿಲ್ಲ. ದುರ್ಗಾಷ್ಟಮಿಯ ಸಂಜೆ ಮೈಸೂರು ಸಿಲ್ಕುಟ್ಟ ಹಿರಿಯರೊಬ್ಬರು ಹುಷಾರಾಗಿಯೇ ಕಾಲೆತ್ತಿಟ್ಟರು. ಹಿಂದೆ ಬಂದ ನೆರಿಗೆ ಹುಷಾರಾಗಿರಲಿಲ್ಲ. ಎಡಪಕ್ಕದ ಅಶ್ವದಳ ಒಂದೇ ಬೀಸಿಗೆ ಸೋಫಾದಡಿ ಸೇರಿತು. ಬಲ್ಲಾಳನ ಕೈಲಾಗದ್ದನ್ನು ಮಾಡಿ ಮುಗಿಸಿದ ಅವರು ಏನೂ ಅರಿಯದೆ ಕಡಲೆಕಾಳು ಉಸಲಿ ತೆಗೆದುಕೊಂಡು, "ಪಾರ್ಕು ಚೆನ್ನಾಗಿದೆ," ಎಂದು ಹೊರಟರು. ಗೊಂಬೆ ಬಾಗಿನ ಕೇಳಿಕೊಂಡು ಬಂದ ಮಕ್ಕಳಲ್ಲಿ ಒಬ್ಬ ಮಾತ್ರ ಮಂಡಿಯೂರಿ ಬಹಳ ಹೊತ್ತು ನೋಡಿದ. ಭಾವಮೈದನ ಮುಖ ಅರಳಿತು. "ಏನ್ ಮರಿ, ಏನಾದ್ರೂ ಕೇಳ್ಬೇಕಾ?"

"ಇದ್ರಲ್ಲಿ ಕೃಷ್ಣ ಎಲ್ಲಿದಾನೆ ಅಂಕಲ್?"

ಮುಂದಿನ ವರ್ಷಕ್ಕೆ ಅವನು ಹೈಫಾಕ್ಕೆ ಕೈಹಾಕಿದ್ದಾನೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಸವಾರರು ಭರ್ಜಿ ಹಿಡಿದು, ಮೆಷಿನ್ ಗನ್ನುಗಳಿಗೆ ಎದುರಾಗಿ ಕುದುರೆ ಓಡಿಸಿ ಆ ಊರು ಹಿಡಿದರು. ಗೆದ್ದ ಯುದ್ಧ, ಮೈಸೂರಿನ ಮಹಾರಾಜರ ಸೈನ್ಯ. ಪಟ್ಟದ ಗೊಂಬೆಗೂ ಆಕ್ಷೇಪವಿರಲಾರದು. ಅಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು: "ಆ ಊರಲ್ಲಿ ರಾಗಿ ಬೆಳೀತಾರೇನಪ್ಪ?"

ಕಾರ್ಮೆಲ್ ಬೆಟ್ಟ, ಕಲ್ಲು, ಕುರುಚಲು ಎಂದೆಲ್ಲ ಅವನು ವಿವರಿಸತೊಡಗಿದ. ಅಮ್ಮ ಅಷ್ಟರಲ್ಲಿ ತಟ್ಟೆ ಎಣಿಸಲು ಒಳಗೆ ಹೋಗಿದ್ದಳು.