ದೊಡ್ಡ ಯಂತ್ರ, ಉದ್ದ ಸಾಲು

ಕಂಪ್ಯೂಟರ್ ತಯಾರಿಸಿದ ಕಾರ್ಖಾನೆಯೊಂದರ ಹೆಸರು ಕೊನೆಗೆ ಬಸ್ ಕಂಡಕ್ಟರನ ಬಾಯಲ್ಲಿ ನೆಲೆಸುವ ಭಾಗ್ಯ ಎಲ್ಲ ಊರಿಗೂ ಸಿಗುವಂಥದ್ದಲ್ಲ. ಹೈದರಾಬಾದಿಗೆ ಸಿಕ್ಕಿದೆ. ‘ಇಸಿಐಎಲ್, ಇಸಿಐಎಲ್’ ಎಂಬ ಕೂಗಿಗೆ ಎದ್ದು ಇಳಿಯುವವರಿಗೆ ಅದೊಂದು ಕೂಡುರಸ್ತೆ ಅಷ್ಟೇ. 1967ರಲ್ಲಿ ಅಣುಶಕ್ತಿ ಇಲಾಖೆಯ ಆಸರೆಯಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಅಲ್ಲೇ ಟಿಡಿಸಿ-12, ಟಿಡಿಸಿ-316 ಎಂಬ ದೇಶೀ ಗಣಕಗಳನ್ನು ಕಟ್ಟಿತೆಂದು ಟಿಕೆಟ್ಟಿನ ಮೇಲೇನೂ ಅಚ್ಚಾಗಿರುವುದಿಲ್ಲ. ಸಂಸ್ಥೆಯನ್ನು ಕಟ್ಟಿದ ಎ.ಎಸ್. ರಾವ್ ಅವರಂತೂ ಪಕ್ಕದಲ್ಲಿಯೇ ಒಂದು ಬಡಾವಣೆಯಾಗಿಬಿಟ್ಟರು. ಊರಿನ ಇನ್ನೊಂದು ಕಡೆಯ ಅಮೀರ್‌ಪೇಟೆಯಲ್ಲಿ ಕಥೆಯೇ ಬೇರೆ. ಅಲ್ಲಿ ಗೋಡೆ ಗೋಡೆಗೂ ಕೋಬಾಲ್, ಜೆಸಿಎಲ್, ಸಿಐಸಿಎಸ್, ಡಿಬಿ2 ಕಲಿಸುವ ಕೋಚಿಂಗ್ ಸೆಂಟರುಗಳ ಜಾಹೀರಾತು. ಬೀದರ್, ರಾಯಚೂರಿನ ಕಡೆಯ ಹುಡುಗರೂ ಹಾಸ್ಟೆಲಿನ ಸಾರಿಗೆ ಹೊಂದಿಕೊಂಡು ಇಲ್ಲಿ ಮೇನ್‌ಫ್ರೇಮ್ ಎಂಬ ದೊಡ್ಡ ಗಣಕದ ವಿದ್ಯೆ ಸಂಪಾದಿಸಿದವರೇ. ಎಲ್ಲಿಯದೋ ಒಂದು ಕಾರ್ಖಾನೆಯಲ್ಲಿ ಹಗಲು ಹೊತ್ತು ಉಗ್ರಾಣದವನು ಬೋಲ್ಟು ಎಣಿಸುತ್ತಿದ್ದರೆ, ಆ ಲೆಕ್ಕ ಇಟ್ಟುಕೊಂಡ ಯಂತ್ರವನ್ನು ರಾತ್ರಿ ನಿದ್ದೆಗೆಟ್ಟು ಕಾಯುವವರು ಈ ಊರಿನಲ್ಲಿ ಧಾರಾಳವಾಗಿದ್ದಾರೆ. ಪ್ರೋಗ್ರಾಂ ಬಿದ್ದರೆ ಎಬ್ಬಿಸುವುದನ್ನು ಕೋಚಿಂಗ್ ಸೆಂಟರು ಚೆನ್ನಾಗಿ ಕಲಿಸುತ್ತದೆ. ಆದರೆ ಬೀಳದೆ, ಸಾಯದೆ, ಬರೀ ತೆವಳುತ್ತಿದ್ದರೆ ಏನು ಮಾಡಬೇಕೆಂಬುದು ಗೋಡೆಯ ಪಟ್ಟಿಯಲ್ಲಿ ಅಪರೂಪ.

ತೆವಳುವ ಯಂತ್ರಕ್ಕೆ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಸಿಗುವ ಚಿಕಿತ್ಸೆ ಒಂದೇ: ಇನ್ನೂ ದೊಡ್ಡ ಯಂತ್ರ. ನನ್ನ ವಾದ ಇದಕ್ಕೆ ತದ್ವಿರುದ್ಧ. ನಿಧಾನದ ಬಹುಪಾಲು ಕೆಲಸದಲ್ಲಿಲ್ಲ, ಕಾಯುವುದರಲ್ಲಿದೆ. ಎಲ್ಲಿ ಕಾಯುತ್ತಿದೆಯೆಂದು ಅಳೆದು ನೋಡದೆ ಕೊಂಡ ಯಂತ್ರ, ಕಾಯುವುದನ್ನು ಇನ್ನಷ್ಟು ದುಬಾರಿಯಾಗಿ ಮಾಡುತ್ತದೆ. ರಂಜಾನ್ ತಿಂಗಳ ಸಂಜೆ ಹಲೀಮ್ ಅಂಗಡಿಯ ಮುಂದೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಟ್ಟಲಿಗೆ ಹಲೀಮ್ ಸುರಿಯಲು ಹಿಡಿಯುವುದು ಅರ್ಧ ನಿಮಿಷ, ಸಾಲಿನಲ್ಲಿ ನಿಲ್ಲುವುದು ಅರ್ಧ ಗಂಟೆ. ಮಾಲೀಕ ಸೌಟನ್ನು ದೊಡ್ಡದು ಮಾಡಿದನೆಂದುಕೊಳ್ಳಿ. ಚಿಲ್ಲರೆಗಾಗಿ ತಡಕಾಡುವ ಟೋಕನ್ನಿನವನು ಒಬ್ಬನೇ ಆಗಿದ್ದರೆ ಸಾಲು ಒಂದು ಹೆಜ್ಜೆಯೂ ಮುಂದೆ ಸರಿಯದು.

ಮೇನ್‌ಫ್ರೇಮ್‌ನಲ್ಲಿ ಒಂದು ಅನುಕೂಲವಿದೆ: ಯಾರು ಎಲ್ಲಿ ಎಷ್ಟು ಹೊತ್ತು ನಿಂತರೆಂದು ಅದು ತಾನೇ ಬರೆದಿಡುತ್ತದೆ. ನಮ್ಮ ಯಾವ ಸರ್ಕಾರಿ ಕಚೇರಿಯೂ ಇಂಥ ದುಸ್ಸಾಹಸಕ್ಕೆ ಕೈಹಾಕಿಲ್ಲ. ಎಸ್‌ಎಂಎಫ್ ಎಂಬ ದಫ್ತರದಲ್ಲಿ 70ರಿಂದ 79ರ ತನಕದ ದಾಖಲೆಗಳು ಯಂತ್ರದ ಒಟ್ಟು ಆರೋಗ್ಯಕ್ಕೆ, 110 ಆನ್‌ಲೈನ್ ವ್ಯವಹಾರ ನಡೆಸುವ ಸಿಐಸಿಎಸ್‌ಗೆ, 101 ಡಿಬಿ2 ಎಂಬ ಡೇಟಾಬೇಸಿಗೆ. ಡಿಬಿ2ನ ಲೆಕ್ಕದಲ್ಲಿ ಮುಖ್ಯವಾಗಿ ಮೂರು ಕ್ಲಾಸುಗಳು. ಒಂದನೆಯದು ವ್ಯವಹಾರದ ಒಟ್ಟು ಸಮಯ, ಎರಡನೆಯದು ಡೇಟಾಬೇಸಿನ ಒಳಗೆ ಕಳೆದ ಸಮಯ, ಮೂರನೆಯದು ಆ ಒಳಗಿನ ಸಮಯದಲ್ಲಿ ಸುಮ್ಮನೆ ಕಾದದ್ದು. ನಮ್ಮ ರೈಲುಗಳಿಂದ 1974ರಲ್ಲಿ ತೆಗೆದುಹಾಕಿದ ಥರ್ಡ್ ಕ್ಲಾಸು ಇಲ್ಲಿ ಇನ್ನೂ ಜೀವಂತವಾಗಿದೆ, ಮತ್ತು ಇಡೀ ಪುರಾಣವಿರುವುದು ಅದರಲ್ಲೇ. ಆ ಪುಟ ತೆರೆದರೆ ಡಿಸ್ಕಿಗಾಗಿ ಎಷ್ಟು, ಬೇರೊಬ್ಬರು ಹಾಕಿದ ಬೀಗ ಬಿಡುವುದಕ್ಕಾಗಿ ಎಷ್ಟು ಕಾದದ್ದೆಂದು ಬೇರೆಬೇರೆಯಾಗಿ ಕಾಣುತ್ತದೆ. ತೆರೆಯುವವರು ಬೇಕು, ಅಷ್ಟೇ. ಖರೀದಿಯ ಕಡತವಾದರೋ ತಾನಾಗಿಯೇ ತೆರೆದುಕೊಳ್ಳುತ್ತದೆ.

ಇಷ್ಟು ಹೇಳುವಷ್ಟರಲ್ಲಿ ಲೆಕ್ಕಪತ್ರ ವಿಭಾಗದಿಂದ ಆಕ್ಷೇಪ ಬರುತ್ತದೆ: ‘ಯಂತ್ರ ಇನ್ನೂ ಶೇ 90 ಮಾತ್ರ ಬಳಕೆಯಲ್ಲಿದೆ, ಶೇ 10 ಖಾಲಿ ಬಿದ್ದಿದೆಯಲ್ಲ, ದೂರೇನು?’ ಸಾಲುಗಳ ಗಣಿತ ನಿರ್ದಯವಾದದ್ದು. ಗಿರಾಕಿಗಳು ಅಂಕೆಯಿಲ್ಲದೆ ಬರುವ ಕಡೆ, ಒಬ್ಬನೇ ಕೆಲಸಗಾರನಿದ್ದು ಅವನು ಅರ್ಧ ಹೊತ್ತು ದುಡಿಯುತ್ತಿದ್ದರೆ ಕೆಲಸ ಮುಗಿಯಲು ಸರಾಸರಿ ಎರಡರಷ್ಟು ಸಮಯ ಹಿಡಿಯುತ್ತದೆ. ಶೇ 80 ದುಡಿದರೆ ಐದರಷ್ಟು, 90ಕ್ಕೆ ಹತ್ತರಷ್ಟು, 95ಕ್ಕೆ ಇಪ್ಪತ್ತರಷ್ಟು. ಕೊನೆಯ ಐದೇ ಅಂಕಿಗೆ ಕಾಯುವವರ ಪಾಡು ಇಮ್ಮಡಿ. ಹಾಗಾದರೆ ದೊಡ್ಡ ಯಂತ್ರವೇ ಬೇಕಾಯಿತಲ್ಲ ಎಂದು ಹಿಗ್ಗುವವರು ಸ್ವಲ್ಪ ತಾಳಬೇಕು. ಆ 90ರಲ್ಲಿ ರಾತ್ರಿಯೇ ಮುಗಿಯಬೇಕಿದ್ದ ಸಾಮಗ್ರಿ ಯೋಜನೆಯ ಬ್ಯಾಚ್ ಬೆಳಗಿನ ಪಾಳಿಗೂ ಕಾಲು ಚಾಚಿಕೊಂಡಿರಬಹುದು. ಯಾರೂ ಓದದ ವರದಿಯೊಂದು ಗಂಟೆಗೊಮ್ಮೆ ಓಡುತ್ತಿರಬಹುದು. 1994ರಿಂದ ಮೇನ್‌ಫ್ರೇಮ್‌ನಲ್ಲಿರುವ ವರ್ಕ್‌ಲೋಡ್ ಮ್ಯಾನೇಜರ್‌ಗೆ ‘ಆನ್‌ಲೈನ್ ವ್ಯವಹಾರಗಳಲ್ಲಿ ನೂರಕ್ಕೆ ತೊಂಬತ್ತು ಒಂದು ಸೆಕೆಂಡಿನೊಳಗೆ ಮುಗಿಯಲಿ, ಬ್ಯಾಚು ಉಳಿದದ್ದನ್ನು ಉಣ್ಣಲಿ’ ಎಂದು ಅಪ್ಪಣೆ ಕೊಟ್ಟರೆ ಅದು ಪಾಲಿಸುತ್ತದೆ. ಅಪ್ಪಣೆಯಲ್ಲಿ ಸರಾಸರಿಯ ಮಾತಿಲ್ಲದಿರುವುದನ್ನು ಗಮನಿಸಿ. ತೊಂಬತ್ತೊಂಬತ್ತು ಮಂದಿಗೆ 0.2 ಸೆಕೆಂಡಿನಲ್ಲಿ, ಒಬ್ಬನಿಗೆ ಪೂರಾ ಒಂದು ನಿಮಿಷದಲ್ಲಿ ಉತ್ತರ ಬಂದರೂ ಸರಾಸರಿ 0.8 ಸೆಕೆಂಡಿನ ಒಳಗೇ ಇರುತ್ತದೆ. ಮೀಟಿಂಗಿಗೆ ಸರಾಸರಿ ಹೋಗುತ್ತದೆ, ಫೋನಿನಲ್ಲಿ ಕಿರುಚುವವನು ಆ ಒಬ್ಬ.

ಅಳೆಯುವುದಕ್ಕೂ ಯಂತ್ರದ ಶಕ್ತಿ ಬೇಕಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಪ್ರತಿ ಹೆಜ್ಜೆಯನ್ನೂ ಬರೆಯಲು ಹೊರಟರೆ ಬರೆಯುವುದೇ ಮುಖ್ಯ ಉದ್ಯೋಗವಾದೀತು. ಅದಕ್ಕೇ ಆರ್‌ಎಂಎಫ್‌ನಂಥ ಸಾಧನ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಇಣುಕಿ ನೋಡಿ, ಕಂಡದ್ದನ್ನು ಗುಡ್ಡೆ ಹಾಕಿ, ಅರ್ಧ ಗಂಟೆಗೊಮ್ಮೆ ವರದಿ ಒಪ್ಪಿಸುತ್ತದೆ. ಉತ್ತರಕ್ಕಾಗಿ ನಾಲ್ಕು ಸೆಕೆಂಡು ಕಾದರೆ ಯಾರ ಗಂಟು ಹೋಯಿತು ಎನ್ನುವವರಿಗೂ ಉತ್ತರವಿದೆ. ಐಬಿಎಂನ ವಾಲ್ಟರ್ ಡೊಹರ್ಟಿ ಮತ್ತು ಅರವಿಂದ್ ಥಡಾನಿ 1982ರಲ್ಲಿ ತೋರಿಸಿದ್ದು ಇದನ್ನೇ: ಉತ್ತರದ ಸಮಯ 3 ಸೆಕೆಂಡಿನಿಂದ 0.3ಕ್ಕೆ ಇಳಿದಾಗ ಒಬ್ಬ ಪ್ರೋಗ್ರಾಮರ್ ಗಂಟೆಗೆ ಮಾಡುವ ವ್ಯವಹಾರಗಳು 180ರಿಂದ 371ಕ್ಕೆ ಏರಿದವು. ಯಂತ್ರ ತಡಮಾಡಿದಷ್ಟೂ ಮನುಷ್ಯನೂ ತಡಮಾಡುತ್ತಾನೆ, ಏಕೆಂದರೆ ಮಧ್ಯೆ ಅವನ ಮನಸ್ಸು ಕ್ಯಾಂಟೀನಿಗೆ ಹೋಗಿ ಬಂದಿರುತ್ತದೆ. ಇನ್ನು, ಮೇನ್‌ಫ್ರೇಮ್ ಬಿಟ್ಟು ಕ್ಲೌಡಿಗೆ ಹೋದರಾಯಿತಲ್ಲ ಎನ್ನುವವರು ಹೋಗಿಬರಲಿ; ಅದೇ ಪ್ರೋಗ್ರಾಂ ಹೊತ್ತುಕೊಂಡು ಹೋದರೆ ಅದರ ಸಾಲೂ ಜೊತೆಗೇ ಹೋಗುತ್ತದೆ.

ತಿಂಗಳ ಕೊನೆಯ ಸಂಜೆಯನ್ನು ನೋಡಿ. ಇಡೀ ತಿಂಗಳ ಗುರಿಯನ್ನು ಆ ದಿನವೇ ಮುಟ್ಟುವುದು ಕಾರ್ಖಾನೆಗಳ ಕುಲಧರ್ಮ. ಗೇಟಿನ ಮುಂದೆ ಲಾರಿಗಳು, ಒಳಗೆ ಇನ್‌ವಾಯ್ಸಿಗಾಗಿ ಕಾಯುವ ಗುಮಾಸ್ತರು. ಮುಂದಿನ ಇನ್‌ವಾಯ್ಸಿನ ಕ್ರಮಸಂಖ್ಯೆ ಡೇಟಾಬೇಸಿನ ಒಂದೇ ಒಂದು ಸಾಲಿನಲ್ಲಿ ಕೂತಿದೆ. ಪ್ರೋಗ್ರಾಂ ಮೊದಲು ಆ ಸಂಖ್ಯೆ ಎತ್ತಿಕೊಂಡು ಬೀಗ ಹಾಕುತ್ತದೆ, ಆಮೇಲೆ ನಿಧಾನವಾಗಿ ದಾಸ್ತಾನು ನೋಡುತ್ತದೆ, ಬೆಲೆ ಹುಡುಕುತ್ತದೆ, ಖಾತೆ ಬರೆಯುತ್ತದೆ, ಎಲ್ಲ ಮುಗಿದ ಮೇಲೆ ಬೀಗ ಬಿಡುತ್ತದೆ. ಇದಕ್ಕೆ ಎರಡು ಸೆಕೆಂಡು ಹಿಡಿದರೆ, ಇಪ್ಪತ್ತು ಜನ ಒಟ್ಟಿಗೆ ಎಂಟರ್ ಒತ್ತಿದಾಗ ಇಪ್ಪತ್ತನೆಯವನಿಗೆ ಉತ್ತರ 40 ಸೆಕೆಂಡಿಗೆ. ಅಷ್ಟು ಹೊತ್ತೂ ಪ್ರೊಸೆಸರು ಆಕಳಿಸುತ್ತಿರುತ್ತದೆ. ಅದರ ಜಾಗಕ್ಕೆ ಇನ್ನೂ ದೊಡ್ಡದನ್ನು ತಂದರೆ ಅದು ಇನ್ನೂ ದೊಡ್ಡದಾಗಿ ಆಕಳಿಸೀತು, ಸಾಫ್ಟ್‌ವೇರ್ ಬಾಡಿಗೆಯೂ ಏರಬಹುದು. ಮೂರನೇ ಕ್ಲಾಸಿನ ಅಂಕಿ ನೋಡಿದವನು ಮಾಡುವುದು ಸಣ್ಣ ಕೆಲಸ: ಸಂಖ್ಯೆ ಎತ್ತಿಕೊಳ್ಳುವ ನಾಲ್ಕು ಸಾಲನ್ನು ಪ್ರೋಗ್ರಾಮಿನ ಆರಂಭದಿಂದ ಕಿತ್ತು ಕೊನೆಗೆ ಹಾಕುವುದು. ಬೀಗ ಈಗ ಕಣ್ಣು ಮಿಟುಕಿಸುವಷ್ಟೇ ಹೊತ್ತು.

ಇನ್ನೂ ಮುಂದೆ ಹೋಗಿ, ಸಂಖ್ಯೆಗಳನ್ನು ನೂರರ ಕಟ್ಟುಗಳಾಗಿ ಮೊದಲೇ ಹಂಚಿಬಿಡೋಣ ಎಂದರೆ ಆಡಿಟರು ಎದ್ದು ನಿಲ್ಲುತ್ತಾರೆ: ಮಧ್ಯೆ ಸಂಖ್ಯೆ ತಪ್ಪಿದರೆ ಉತ್ತರ ಹೇಳುವವರು ಯಾರು? ಅವರದೂ ನ್ಯಾಯವೇ. 2017ರ ಜಿಎಸ್‌ಟಿ ನಿಯಮ 46 ಇನ್‌ವಾಯ್ಸಿಗೆ ಹದಿನಾರು ಅಕ್ಷರ ಮೀರದ ಅನುಕ್ರಮ ಸಂಖ್ಯೆಯನ್ನು ಕೇಳುತ್ತದೆ. ಆದರೆ ಅದೇ ವಾಕ್ಯ ಅನುಕ್ರಮ ಒಂದೇ ಸರಣಿಯಲ್ಲಿರಲಿ, ಹಲವು ಸರಣಿಗಳಲ್ಲಿರಲಿ, ಅಡ್ಡಿಯಿಲ್ಲ ಎನ್ನುತ್ತದೆ. ಕಾನೂನಿನ ಪುಸ್ತಕದಲ್ಲಿ ಪರ್ಫಾರ್ಮೆನ್ಸ್ ಟ್ಯೂನಿಂಗ್ ಸಿಗುವುದೆಂದು ಯಾರು ಎಣಿಸಿದ್ದರು? ಗೇಟಿಗೊಂದು ಸರಣಿ ಕೊಟ್ಟರೆ ಬೀಗವೂ ಗೇಟಿಗೊಂದಾಗುತ್ತದೆ, ಆಡಿಟರೂ ಕೂರುತ್ತಾರೆ. ಆಮೇಲೂ ಎರಡನೇ ಗೇಟಿನಲ್ಲೇ ಲಾರಿ ಸಾಲು ಬೆಳೆದರೆ ಪಕ್ಕದ ಇರಾನಿ ಚಾಯ್ ಅಂಗಡಿಯನ್ನು ವಿಚಾರಿಸಬೇಕು. ಅದಕ್ಕೆ ಎಸ್‌ಎಂಎಫ್‌ನಲ್ಲಿ ದಾಖಲೆ ಇಲ್ಲ.